ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು? ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗ ಬಿಸಿಎ ಕೊನೆಯ ಪರೀಕ್ಷೆ ಮುಗಿಸಿದ ವಾರವೇ ಫೋನ್ ಮಾಡಿದ.

"ಅಕ್ಕಾ, ಫುಲ್ ಸ್ಟ್ಯಾಕ್‌ಗೆ ಸೇರ್ಲಾ, ಡೇಟಾ ಸೈನ್ಸ್‌ಗೆ ಸೇರ್ಲಾ? ಶನಿವಾರದೊಳಗೆ ದುಡ್ಡು ಕಟ್ಟಿದ್ರೆ ಫೀಸು ಕಡಿಮೆ ಅಂತೆ. ಅಮ್ಮ ಬಳೆ ಅಡ ಇಡ್ತೀನಿ ಅಂತಿದಾಳೆ."

"ಎರಡರಲ್ಲೂ ದಿನಾ ಮಾಡೋ ಕೆಲಸ ಏನು ಅಂತ ಗೊತ್ತೇನೋ?"

"ಅದನ್ನ ಸೇರಿದ ಮೇಲೆ ಹೇಳಿಕೊಡ್ತಾರಲ್ವಾ?"

ಆ ಕೊನೆಯ ಮಾತೇ ಈ ಲೇಖನಕ್ಕೆ ಕಾರಣ. ಕೋಡಿಂಗ್ ಕಲಿಯಲು ಹೊರಟ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ "ಯಾವ ಭಾಷೆ ಒಳ್ಳೆಯದು?" ಎಂಬುದು. ಪೈಥಾನ್ ಎಂದು ಒಬ್ಬರು, ಜಾವಾ ಎಂದು ಇನ್ನೊಬ್ಬರು, ಈಗ ಏನು ಕಲಿತರೂ ಪ್ರಯೋಜನವಿಲ್ಲ, ಎಲ್ಲ ಎಐ ಮಾಡುತ್ತದೆ ಎಂದು ಮತ್ತೊಬ್ಬರು. ಈ ಗೊಂದಲದಲ್ಲಿ ಹಣ ಹೋಗುತ್ತದೆ, ಒಂದು ವರ್ಷ ಹೋಗುತ್ತದೆ, ಕೊನೆಗೆ "ಇದು ನನ್ನ ಕೈಲಾಗದ ಕೆಲಸ" ಎಂಬ ತಪ್ಪು ತೀರ್ಮಾನವೂ ಬರುತ್ತದೆ.

ಚಿಕ್ಕ ಉತ್ತರ ಇಷ್ಟೇ: ಮೊದಲು ಭಾಷೆಯನ್ನಲ್ಲ, ಯಾವ ಬಗೆಯ ಕೆಲಸ ಎಂಬುದನ್ನು ಆರಿಸಿ. ಕೆಲಸ ಗೊತ್ತಾದರೆ ಭಾಷೆ ತಾನಾಗಿ ಗೊತ್ತಾಗುತ್ತದೆ. ಆಯ್ಕೆ ತಪ್ಪಾದರೂ ಕಲಿತದ್ದರಲ್ಲಿ ಬಹುಪಾಲು ವ್ಯರ್ಥವಾಗುವುದಿಲ್ಲ. ಹೇಗೆ ಎಂಬುದನ್ನು ವಿವರವಾಗಿ ನೋಡೋಣ.

ಭಾಷೆ ಬೇರೆ, ದಿಕ್ಕು ಬೇರೆ

ಪ್ರೋಗ್ರಾಮಿಂಗ್ ಭಾಷೆ ಎಂದರೆ ಕಂಪ್ಯೂಟರ್‌ಗೆ ಕೆಲಸ ಹೇಳುವ ಸಾಧನ. ದಿಕ್ಕು ಎಂದರೆ ಆ ಸಾಧನದಿಂದ ನೀವು ಮಾಡುವ ಕೆಲಸ. ಉಳಿ ಯಾವುದು ಎಂದು ಕೇಳುವ ಮೊದಲು ಬಾಗಿಲು ಮಾಡಬೇಕೋ, ನೇಗಿಲು ಮಾಡಬೇಕೋ ಎಂದು ಗೊತ್ತಿರಬೇಕಲ್ಲವೇ?

ಭಾಷೆಗಳು ಹುಟ್ಟಿದ್ದೂ ಹೀಗೆಯೇ, ಒಂದೊಂದು ಕೆಲಸದ ಅಗತ್ಯದಿಂದ. ವಿಜ್ಞಾನಿಗಳ ಲೆಕ್ಕಾಚಾರಕ್ಕೆಂದು ಐಬಿಎಂ 1957ರಲ್ಲಿ ಫೋರ್ಟ್ರಾನ್ ಹೊರತಂದಿತು. ವ್ಯಾಪಾರ, ಬ್ಯಾಂಕುಗಳ ಲೆಕ್ಕಕ್ಕೆ ಕೋಬಾಲ್ ಬಂತು. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕೆಲಸಕ್ಕಾಗಿ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆ ರೂಪಿಸಿದರು. ವೆಬ್ ಪುಟಗಳಿಗೆ ಜೀವ ತುಂಬಲು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಸಿದ್ಧಪಡಿಸಿದರು. ಅದೇ ವರ್ಷ ಬಿಡುಗಡೆಯಾದ ಜಾವಾ ಬೇರೆಯೇ ಭಾಷೆ. ಇವೆರಡೂ ಹೆಸರಿನಲ್ಲಷ್ಟೇ ನೆಂಟರು, ಹೊಸಬರು ಇಲ್ಲಿ ಎಡವುವುದು ಸಾಮಾನ್ಯ.

ಹಾಗಾಗಿ "ಎಲ್ಲಕ್ಕಿಂತ ಒಳ್ಳೆಯ ಭಾಷೆ" ಎಂಬುದೊಂದಿಲ್ಲ. ಯಾವ ಕೆಲಸಕ್ಕೆ ಯಾವುದು ಹೊಂದುತ್ತದೆ ಎಂಬುದಷ್ಟೇ ಇರುವುದು.

ಒಂದು ಹಾಲಿನ ಡೇರಿ, ಏಳು ದಿಕ್ಕು

ಚಿಕ್ಕಮ್ಮನ ಮನೆಯಲ್ಲಿ ಎರಡು ಹಸುಗಳಿವೆ. ಹಾಗಾಗಿ ನಾನು ತಮ್ಮನಿಗೆ ಡೇರಿಯ ಉದಾಹರಣೆಯನ್ನೇ ಕೊಟ್ಟೆ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಬೆಳಿಗ್ಗೆ, ಸಂಜೆ ಜನ ಕ್ಯಾನು ಹಿಡಿದು ಬರುತ್ತಾರೆ. ಹಾಲು ಎಷ್ಟು ಲೀಟರ್ ಎಂದು ಅಳೆಯುತ್ತಾರೆ. ಕೊಬ್ಬಿನಂಶ ಮತ್ತು ಉಳಿದ ಘನಾಂಶ ಎಷ್ಟಿದೆ ಎಂದು ಯಂತ್ರ ತೋರಿಸುತ್ತದೆ. ಅದರ ಮೇಲೆ ದರ ನಿಂತಿದೆ. ಪುಸ್ತಕದಲ್ಲಿ ಬರೆದುಕೊಂಡು, ಇಂತಿಷ್ಟು ದಿನಕ್ಕೊಮ್ಮೆ ಬಟವಾಡೆ ಮಾಡುತ್ತಾರೆ. ಈ ಒಂದೇ ವ್ಯವಸ್ಥೆಗೆ ತಂತ್ರಾಂಶ ಮಾಡಬೇಕೆಂದರೆ ಎಷ್ಟು ಬಗೆಯ ಕೆಲಸಗಳಿವೆ ನೋಡಿ.

1. ಫ್ರಂಟ್‌ಎಂಡ್. ಕಾರ್ಯದರ್ಶಿ ಲೀಟರ್, ಫ್ಯಾಟ್ ತುಂಬುವ ಪರದೆ ಹೇಗಿರಬೇಕು, ಯಾವ ಗುಂಡಿ ಎಲ್ಲಿರಬೇಕು, ಅಕ್ಷರ ವಯಸ್ಸಾದವರಿಗೂ ಕಾಣುತ್ತದೆಯೇ ಎಂಬ ಕೆಲಸ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬೇಕು. ಮಾಡಿದ್ದು ತಕ್ಷಣ ಕಣ್ಣಿಗೆ ಕಾಣುವುದು ಇದರ ಖುಷಿ. ಒಂದೊಂದು ಫೋನಿನಲ್ಲಿ ಒಂದೊಂದು ರೀತಿ ಕಾಣುವುದು ಇದರ ಕಿರಿಕಿರಿ.

2. ಬ್ಯಾಕ್‌ಎಂಡ್. ತುಂಬಿದ ಅಂಕಿ ಎಲ್ಲಿ ಉಳಿಯಬೇಕು, ದರಪಟ್ಟಿ ಹೇಗೆ ಅನ್ವಯಿಸಬೇಕು, ಒಂದೇ ನಮೂದು ಎರಡು ಬಾರಿ ಸೇರಿದರೆ ಏನು ಮಾಡಬೇಕು, ಯಾರು ಯಾರ ಲೆಕ್ಕ ನೋಡಬಹುದು ಎಂಬ ಕೆಲಸ. ಜಾವಾ, ಪೈಥಾನ್, ಸಿ ಶಾರ್ಪ್, ಗೋ, ನೋಡ್ ಮೂಲಕ ಜಾವಾಸ್ಕ್ರಿಪ್ಟ್, ಹೀಗೆ ಹಲವು ದಾರಿಗಳಿವೆ. ಯಾವುದನ್ನು ಹಿಡಿದರೂ ಡೇಟಾಬೇಸ್ ತಪ್ಪಿದ್ದಲ್ಲ. ಫ್ರಂಟ್‌ಎಂಡ್ ಮತ್ತು ಬ್ಯಾಕ್‌ಎಂಡ್ ಎರಡನ್ನೂ ಮಾಡುವವರನ್ನು ಫುಲ್ ಸ್ಟ್ಯಾಕ್ ಎನ್ನುತ್ತಾರೆ. ಹೊಸಬರಿಗೆ ಅದು ಒಂದೇ ಕೋರ್ಸಿನಂತೆ ಕಂಡರೂ ನಿಜದಲ್ಲಿ ಎರಡು ಕೆಲಸ.

3. ಮೊಬೈಲ್ ಆ್ಯಪ್. ರೈತ ತನ್ನ ಫೋನಿನಲ್ಲೇ ಈ ವಾರದ ಬಟವಾಡೆ ನೋಡುವಂತಾಗಬೇಕು, ನೆಟ್‌ವರ್ಕ್ ಇಲ್ಲದಾಗಲೂ ಹಳೆಯ ಲೆಕ್ಕ ಕಾಣಬೇಕು. ಆಂಡ್ರಾಯ್ಡ್‌ಗೆ ಕೋಟ್ಲಿನ್, ಐಫೋನ್‌ಗೆ ಸ್ವಿಫ್ಟ್, ಎರಡಕ್ಕೂ ಒಟ್ಟಿಗೆ ಮಾಡಲು ಫ್ಲಟ್ಟರ್‌ನಂಥ ಸಾಧನಗಳಿವೆ.

4. ಡೇಟಾ. ಬೇಸಿಗೆಯಲ್ಲಿ ಹಾಲು ಎಷ್ಟು ಇಳಿಯುತ್ತದೆ, ಯಾವ ಊರಿನಲ್ಲಿ ಫ್ಯಾಟ್ ಏಕಾಏಕಿ ಬದಲಾಗಿದೆ, ಮುಂದಿನ ತಿಂಗಳು ಎಷ್ಟು ಹಾಲು ಬರಬಹುದು ಎಂಬ ಪ್ರಶ್ನೆಗಳು. ಪೈಥಾನ್, ಎಸ್‌ಕ್ಯೂಎಲ್, ಜೊತೆಗೆ ಸಂಖ್ಯಾಶಾಸ್ತ್ರ ಬೇಕು. ಹೊರಗಿನಿಂದ ಮಾದರಿ ಕಟ್ಟುವುದೇ ಕೆಲಸ ಎಂದು ಕಾಣುತ್ತದೆ. ಆದರೆ ಬಹಳ ಹೊತ್ತು ಹೋಗುವುದು ಕೊಳಕು ಅಂಕಿಗಳನ್ನು ಶುಚಿ ಮಾಡುವುದರಲ್ಲಿ.

5. ಎಂಬೆಡೆಡ್. ಫ್ಯಾಟ್ ಅಳೆಯುವ ಯಂತ್ರದೊಳಗಿನ ಪುಟ್ಟ ಚಿಪ್‌ಗೆ ಬರೆಯುವ ಕೋಡ್. ಸೆನ್ಸರ್ ಓದಬೇಕು, ಕಡಿಮೆ ಮೆಮರಿಯಲ್ಲಿ ಕೆಲಸ ಮುಗಿಸಬೇಕು. ಇಲ್ಲಿ ಇಂದಿಗೂ ಸಿ ಮತ್ತು ಸಿ++ ಮುಖ್ಯ. ಎಲೆಕ್ಟ್ರಾನಿಕ್ಸ್ ಓದಿದವರಿಗೆ, ಬೆಸುಗೆ ಕಡ್ಡಿ ಹಿಡಿಯಲು ಇಷ್ಟಪಡುವವರಿಗೆ ಇದು ಒಗ್ಗುತ್ತದೆ.

6. ಟೆಸ್ಟಿಂಗ್. ಫ್ಯಾಟ್ 4.2 ಎನ್ನುವ ಬದಲು 42 ಎಂದು ಬರೆದರೆ ತಂತ್ರಾಂಶ ಒಪ್ಪಿಕೊಳ್ಳುತ್ತದೆಯೇ? ಖಾಲಿ ಬಿಟ್ಟರೆ? ಎರಡು ಸಲ ಗುಂಡಿ ಒತ್ತಿದರೆ? ಹೀಗೆ ತಪ್ಪು ಹುಡುಕುವುದು ಮತ್ತು ಆ ಹುಡುಕಾಟವನ್ನೇ ಕೋಡ್ ಬರೆದು ಸ್ವಯಂಚಾಲಿತ ಮಾಡುವುದು. ಇದನ್ನು ಕೀಳು ಕೆಲಸ ಎಂದು ನೋಡುವವರಿದ್ದಾರೆ. ಒಂದು ಸೊನ್ನೆ ತಪ್ಪಿ ಬಟವಾಡೆ ಹೋದರೆ ಅದರ ಬೆಲೆ ಏನೆಂದು ಅವರಿಗೆ ಅರ್ಥವಾಗಿಲ್ಲ ಅಷ್ಟೇ.

7. ಕ್ಲೌಡ್ ಮತ್ತು ನಿರ್ವಹಣೆ. ಬೆಳಿಗ್ಗೆ ಆರು ಗಂಟೆಗೆ ನೂರಾರು ಸಂಘಗಳು ಒಟ್ಟಿಗೆ ಅಂಕಿ ಕಳುಹಿಸಿದಾಗ ಸರ್ವರ್ ಕುಸಿಯಬಾರದು. ಕುಸಿದರೆ ಬೇಗ ಎಬ್ಬಿಸಬೇಕು. ಲಿನಕ್ಸ್, ನೆಟ್‌ವರ್ಕಿಂಗ್, ಸಣ್ಣ ಸ್ಕ್ರಿಪ್ಟ್‌ಗಳ ಜ್ಞಾನ ಬೇಕು.

ಓದುತ್ತಾ ಬಂದಾಗ ಎಲ್ಲಿ "ಇದು ಚೆನ್ನಾಗಿದೆ" ಅನ್ನಿಸಿತು, ಎಲ್ಲಿ ಬೇಸರ ಬಂತು ಎಂಬುದನ್ನು ಗಮನಿಸಿ. ಅದು ಅಂತಿಮ ತೀರ್ಪಲ್ಲ. ಆದರೆ "ಯಾವುದಕ್ಕೆ ಸಂಬಳ ಹೆಚ್ಚು?" ಎಂಬ ಪ್ರಶ್ನೆಗಿಂತ ಒಳ್ಳೆಯ ಆರಂಭ.

ಜನಪ್ರಿಯ ತಪ್ಪು ಕಲ್ಪನೆಗಳು

"ಪೈಥಾನ್ ಸುಲಭ, ಅದಕ್ಕೇ ಕೆಲಸವೂ ಸುಲಭವಾಗಿ ಸಿಗುತ್ತದೆ"

ಮೊದಲ ಅರ್ಧ ಬಹುಮಟ್ಟಿಗೆ ನಿಜ. ಪೈಥಾನ್‌ನ ಬರವಣಿಗೆ ಸರಳ, ಹೊಸಬರು ಅರ್ಧಚಿರಾಮ, ಆವರಣಗಳ ಜಂಜಾಟದಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಎರಡನೆಯ ಅರ್ಧ ಮೊದಲನೆಯದರಿಂದ ಬರುವುದಿಲ್ಲ. ಪೈಥಾನ್ ಬರುತ್ತದೆ ಎಂದರೆ ವ್ಯಾಕರಣ ಬರುತ್ತದೆ ಎಂದಷ್ಟೇ. ಡೇಟಾ ಕೆಲಸಕ್ಕೆ ಸಂಖ್ಯಾಶಾಸ್ತ್ರ ಬೇಕು, ಬ್ಯಾಕ್‌ಎಂಡ್‌ಗೆ ಡೇಟಾಬೇಸ್ ಬೇಕು. ಅಲ್ಲದೆ ನಿಮಗೆ ಐಫೋನ್ ಆ್ಯಪ್ ಮಾಡುವ ಆಸೆ ಇದ್ದರೆ ಪೈಥಾನ್ ನೇರ ದಾರಿಯೇ ಅಲ್ಲ.

"ಭಾಷೆ ತಪ್ಪಾಗಿ ಆರಿಸಿದರೆ ಎಲ್ಲ ಮೊದಲಿನಿಂದ ಶುರು ಮಾಡಬೇಕು"

ಈ ಹೆದರಿಕೆಯೇ ಬಹಳ ಜನರನ್ನು ತಿಂಗಳುಗಟ್ಟಲೆ ಕೂರಿಸುತ್ತದೆ. ಡೇರಿಯ ಲೆಕ್ಕವನ್ನೇ ನೋಡಿ. ಹೆಸರುಗಳ ಪಟ್ಟಿ ಇರುತ್ತದೆ, ಒಬ್ಬೊಬ್ಬರನ್ನೇ ತೆಗೆದುಕೊಂಡು ಮತ್ತೆ ಮತ್ತೆ ಅದೇ ಲೆಕ್ಕ ಮಾಡಬೇಕು, ಫ್ಯಾಟ್ ಇಷ್ಟಕ್ಕಿಂತ ಕಡಿಮೆ ಇದ್ದರೆ ಬೇರೆ ದರ ಹಾಕಬೇಕು, ದರ ಹಾಕುವ ಲೆಕ್ಕವನ್ನು ಒಂದೆಡೆ ಬರೆದು ಬೇಕಾದಾಗ ಕರೆಯಬೇಕು. ಪಟ್ಟಿ, ಲೂಪ್, ಷರತ್ತು, ಫಂಕ್ಷನ್ ಎಂಬ ಈ ನಾಲ್ಕು ವಿಚಾರಗಳು ಮೇಲೆ ಹೆಸರಿಸಿದ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಒಂದಲ್ಲ ಒಂದು ರೂಪದಲ್ಲಿವೆ. ಮೊದಲ ಭಾಷೆ ಕಲಿಯುವಾಗ ನೀವು ಈ ವಿಚಾರವನ್ನೂ ಕಲಿಯುತ್ತೀರಿ, ಬರೆಯುವ ರೀತಿಯನ್ನೂ ಕಲಿಯುತ್ತೀರಿ. ಎರಡನೆಯ ಭಾಷೆಗೆ ಹೋದಾಗ ಬರೆಯುವ ರೀತಿ ಮಾತ್ರ ಹೊಸದು. ಸೈಕಲ್ ಬಂದವರಿಗೆ ಬೈಕಿನ ಸಮತೋಲನ ಹೊಸದಾಗಿ ಕಲಿಸಬೇಕಿಲ್ಲ.

ತಪ್ಪುಗಳೂ ಹೀಗೆ ಜೊತೆಯಲ್ಲೇ ಬರುತ್ತವೆ. ಪೈಥಾನ್‌ನಲ್ಲಾಗಲಿ ಜಾವಾಸ್ಕ್ರಿಪ್ಟ್‌ನಲ್ಲಾಗಲಿ 0.1ಕ್ಕೆ 0.2 ಕೂಡಿಸಿದರೆ ಬರುವ ಉತ್ತರ 0.3 ಅಲ್ಲ, 0.30000000000000004. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ದುಡ್ಡಿನ ಲೆಕ್ಕವನ್ನು ಪೈಸೆಗಳಲ್ಲಿ, ಪೂರ್ಣಾಂಕವಾಗಿ ಇಡುವ ಅಭ್ಯಾಸ ಒಮ್ಮೆ ಕಲಿತರೆ ಯಾವ ಭಾಷೆಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

"ಹಳೆಯ ಭಾಷೆಗಳು ಸತ್ತಿವೆ, ಹೊಸದನ್ನೇ ಹಿಡಿಯಬೇಕು"

ಎಲ್ಲರೂ ಹೊಸದು ಎಂದುಕೊಂಡಿರುವ ಪೈಥಾನ್ ಮೊದಲು ಬಿಡುಗಡೆಯಾದದ್ದು 1991ರಲ್ಲಿ, ಅಂದರೆ ಜಾವಾಕ್ಕಿಂತ ಅದೇ ಹಿರಿಯದು. ಡೇಟಾಬೇಸ್‌ನೊಂದಿಗೆ ಮಾತಾಡುವ ಎಸ್‌ಕ್ಯೂಎಲ್‌ನ ಮೂಲ ರೂಪವನ್ನು ಐಬಿಎಂ ಸಂಶೋಧಕರು 1974ರಲ್ಲಿ ಪ್ರಕಟಿಸಿದರು, ಅರ್ಧ ಶತಮಾನ ಕಳೆದರೂ ಅದು ಬಳಕೆಯಲ್ಲಿದೆ. ಬ್ಯಾಂಕುಗಳಲ್ಲಿ ಕೋಬಾಲ್ ಇಂದಿಗೂ ಓಡುತ್ತಿದೆ.

ತಂತ್ರಜ್ಞಾನ ಸಾಯುವುದೇ ಇಲ್ಲ ಎಂದಲ್ಲ. ಒಂದು ಕಾಲದಲ್ಲಿ ವೆಬ್‌ನ ಆಟ, ಅನಿಮೇಷನ್‌ಗಳೆಲ್ಲ ಅಡೋಬಿ ಫ್ಲ್ಯಾಶ್‌ನಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಂತುಹೋಯಿತು. ಅದರಲ್ಲಿ ಬಳಸುತ್ತಿದ್ದ ಆ್ಯಕ್ಷನ್‌ಸ್ಕ್ರಿಪ್ಟ್ ಕಲಿತವರ ಗತಿ? ಆ ಭಾಷೆಗೂ ಜಾವಾಸ್ಕ್ರಿಪ್ಟ್‌ಗೂ ಅಡಿಪಾಯವಾಗಿದ್ದದ್ದು ಒಂದೇ ಮಾನದಂಡ, ಹಾಗಾಗಿ ತರ್ಕ ಗೊತ್ತಿದ್ದವರಿಗೆ ಆಚೆ ದಡ ದೂರವಿರಲಿಲ್ಲ. ಆಂಡ್ರಾಯ್ಡ್‌ನಲ್ಲೂ ಹೀಗೆಯೇ ಆಯಿತು. ಗೂಗಲ್ 2017ರಲ್ಲಿ ಕೋಟ್ಲಿನ್‌ಗೆ ಮನ್ನಣೆ ಕೊಟ್ಟು, 2019ರಿಂದ ಅದಕ್ಕೇ ಆದ್ಯತೆ ಎಂದಿತು. ಕೋಟ್ಲಿನ್ ಹಳೆಯ ಜಾವಾ ಕೋಡ್‌ನ ಜೊತೆಗೇ ಕೆಲಸ ಮಾಡುವುದರಿಂದ ಜಾವಾ ಬಲ್ಲವರ ಶ್ರಮ ನೀರುಪಾಲಾಗಲಿಲ್ಲ.

"ಗಣಿತ ಬಾರದಿದ್ದರೆ ಕೋಡಿಂಗ್ ಬಾರದು"

ದಿಕ್ಕಿನ ಮೇಲೆ ಹೋಗುತ್ತದೆ. ಮಷಿನ್ ಲರ್ನಿಂಗ್‌ನಲ್ಲಿ ಆಳಕ್ಕೆ ಇಳಿಯಬೇಕೆಂದರೆ ಸಂಭವನೀಯತೆ, ಮ್ಯಾಟ್ರಿಕ್ಸ್, ಕಲನಶಾಸ್ತ್ರ ಬೇಕೇ ಬೇಕು. ಆಟಗಳನ್ನು ಮಾಡುವವರಿಗೆ ವೆಕ್ಟರ್, ರೇಖಾಗಣಿತ ಬೇಕು. ಆದರೆ ಫ್ರಂಟ್‌ಎಂಡ್, ಟೆಸ್ಟಿಂಗ್, ಸಾಮಾನ್ಯ ಬ್ಯಾಕ್‌ಎಂಡ್ ಕೆಲಸಗಳಿಗೆ ಕೂಡುವ ಕಳೆಯುವ ಲೆಕ್ಕ, ಶೇಕಡಾವಾರು, ಮತ್ತು "ಹೀಗಿದ್ದರೆ ಹಾಗೆ" ಎಂದು ಹಂತ ಹಂತವಾಗಿ ಯೋಚಿಸುವ ತಾಳ್ಮೆ ಸಾಕಾಗುತ್ತದೆ. ಪಿಯುಸಿಯಲ್ಲಿ ಗಣಿತ ಕಡಿಮೆ ಬಂತು ಎಂದು ಎಲ್ಲ ಬಾಗಿಲೂ ಮುಚ್ಚಿದವೆಂದು ತಿಳಿಯಬೇಕಿಲ್ಲ.

"ಇಂಗ್ಲಿಷ್ ಚೆನ್ನಾಗಿಲ್ಲದಿದ್ದರೆ ಆಗುವುದಿಲ್ಲ"

ಕೋಡ್ ಬರೆಯಲು ಬೇಕಾದ ಇಂಗ್ಲಿಷ್ ಬಹಳ ಸಣ್ಣದು. 1989ರ ಮಾನದಂಡದ ಸಿ ಭಾಷೆಯಲ್ಲಿ ಮೀಸಲು ಪದಗಳು 32, ಇಂದಿನ ಪೈಥಾನ್‌ನಲ್ಲಿ 35. ರೂಬಿ ಭಾಷೆ ಹುಟ್ಟಿದ್ದು ಜಪಾನಿನಲ್ಲಿ, ಲುವಾ ಭಾಷೆ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. ಆದರೆ ಒಂದನ್ನು ಮುಚ್ಚಿಡಬಾರದು: ದೋಷದ ಸಂದೇಶಗಳು, ಕೈಪಿಡಿಗಳು, ಪ್ರಶ್ನೋತ್ತರಗಳು ಬಹುತೇಕ ಇಂಗ್ಲಿಷ್‌ನಲ್ಲಿವೆ. ಮಾತಾಡುವ ಇಂಗ್ಲಿಷ್‌ಗಿಂತ ಮೊದಲು ಬೇಕಾಗುವುದು ಓದುವ ಇಂಗ್ಲಿಷ್. ದಿನಕ್ಕೊಂದು ದೋಷದ ಸಂದೇಶವನ್ನು ಪೂರ್ತಿ ಓದಿ, ಅದು ಏನು ಹೇಳುತ್ತಿದೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆದುಕೊಳ್ಳಿ. ಒಂದೆರಡು ತಿಂಗಳಲ್ಲಿ ಅದೇ ಪದಗಳು ಮತ್ತೆ ಮತ್ತೆ ಬರುವುದು ಗೊತ್ತಾಗುತ್ತದೆ.

ಕನ್ನಡ ಬಲ್ಲವರಿಗೆ ಒಂದು ಅನುಕೂಲವೂ ಇದೆ. ನಾನು ಓದಿದ್ದು ಸಂವಹನ. ಎರಡನೇ ಪಿಯುಸಿಯಲ್ಲಿ ಜಾವಾ ಕ್ಲಾಸಿಗೆ ಸೇರಿ ಮೂರೇ ವಾರಕ್ಕೆ ಬಿಟ್ಟಿದ್ದೆ, ಏಕೆ ಕಲಿಯುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ವರ್ಷಗಳ ನಂತರ ಸಂಶೋಧನೆಗಾಗಿ ಸಾವಿರಾರು ಕನ್ನಡ ತಲೆಬರಹಗಳನ್ನು ವಿಂಗಡಿಸಬೇಕಾಗಿ ಬಂದಾಗ ಪೈಥಾನ್ ಕಲಿತೆ, ಈ ಸಲ ಬಿಡಲಿಲ್ಲ. ಮೊದಲ ದಿನವೇ "ಕನ್ನಡ" ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ಕೇಳಿದರೆ ಕಂಪ್ಯೂಟರ್ 5 ಎಂದಿತು. ನಮಗೆ ಕಾಣುವುದು ಕ, ನ್ನ, ಡ ಎಂಬ ಮೂರು. ಯುನಿಕೋಡ್‌ನಲ್ಲಿ ಒತ್ತಕ್ಷರವು ನ, ವಿರಾಮ ಚಿಹ್ನೆ, ಮತ್ತೊಂದು ನ ಎಂದು ಬಿಡಿಬಿಡಿಯಾಗಿ ಇರುತ್ತದೆ ಎಂದು ಆಗ ಗೊತ್ತಾಯಿತು. ಕನ್ನಡ ಪಠ್ಯದ ಇಂಥ ಸೂಕ್ಷ್ಮಗಳನ್ನು ಹಿಡಿಯಲು ಕನ್ನಡ ಬಲ್ಲವರೇ ಬೇಕು. ಬರಹ, ನುಡಿ ತಂತ್ರಾಂಶಗಳು, ವಚನಗಳಲ್ಲಿ ಪದ ಹುಡುಕಲು ನೆರವಾಗುವ ವಚನ ಸಂಚಯ ತಾಣ, ಇವೆಲ್ಲ "ಯಾವ ಭಾಷೆಗೆ ಬೇಡಿಕೆ?" ಎಂಬ ಪ್ರಶ್ನೆಯಿಂದ ಹುಟ್ಟಿದವಲ್ಲ. ಕನ್ನಡಕ್ಕೆ ಬೇಕಾದದ್ದೊಂದು ಇರಲಿಲ್ಲ, ಅದನ್ನು ಮಾಡಬೇಕಿತ್ತು.

"ಎಐ ಇರುವಾಗ ಕಲಿಯುವುದೇ ದಂಡ"

ಕೋಡ್ ಬರೆದುಕೊಡುವ ಎಐ ಸಾಧನಗಳು ನಿಜವಾಗಿಯೂ ಶಕ್ತವಾಗಿವೆ. ಹಿಂದೆ ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸಗಳಲ್ಲಿ ಕೆಲವನ್ನು ಅವೇ ಮಾಡುತ್ತವೆ. ಹಾಗಾಗಿ ವ್ಯಾಕರಣವನ್ನಷ್ಟೇ ಬಾಯಿಪಾಠ ಮಾಡಿದರೆ ಸಾಲದು. ಆದರೆ ಬಂದ ಉತ್ತರ ಸರಿಯೇ ಎಂದು ಹೇಳಬಲ್ಲವರು ಬೇಕಲ್ಲ.

ಒಂದು ಉದಾಹರಣೆ. ಒಬ್ಬರು ಶೇ 5 ಫ್ಯಾಟ್ ಇರುವ 2 ಲೀಟರ್ ಹಾಲು ಹಾಕಿದರು, ಇನ್ನೊಬ್ಬರು ಶೇ 3.5 ಫ್ಯಾಟ್ ಇರುವ 8 ಲೀಟರ್ ಹಾಕಿದರು. ಎರಡೂ ಸೇರಿದ ಕ್ಯಾನಿನಲ್ಲಿ ಸರಾಸರಿ ಫ್ಯಾಟ್ ಎಷ್ಟು? 5 ಮತ್ತು 3.5 ಕೂಡಿಸಿ ಎರಡರಿಂದ ಭಾಗಿಸಿದರೆ 4.25. ಅದು ತಪ್ಪು. ಹಾಲಿನ ಪ್ರಮಾಣವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಬರುವ ಸರಿಯಾದ ಉತ್ತರ 3.8. "ಸರಾಸರಿ ತೆಗೆ" ಎಂದಷ್ಟೇ ಹೇಳಿ ಪಡೆದ ಕೋಡ್ ಮೊದಲನೆಯ ಲೆಕ್ಕ ಮಾಡಿದರೂ ಯಾವ ದೋಷವನ್ನೂ ತೋರಿಸದೆ ಓಡುತ್ತದೆ. ನಷ್ಟ ಆದಾಗಲೇ ಗೊತ್ತಾಗುವುದು. ಇದನ್ನು ಹಿಡಿಯುವವರು ಕೋಡ್ ಓದಬಲ್ಲವರಾಗಿರಬೇಕು, ಡೇರಿಯನ್ನೂ ಬಲ್ಲವರಾಗಿರಬೇಕು.

ಕಲಿಯುವ ಹಂತದಲ್ಲಿ ಎಐ ಬಳಸುವುದಾದರೆ ಒಂದು ನಿಯಮ ಇಟ್ಟುಕೊಳ್ಳಿ: ಮೊದಲು ನೀವೇ ಪ್ರಯತ್ನಿಸಿ, ಆಮೇಲೆ ಕೇಳಿ, ಬಂದ ಕೋಡ್‌ನ ಪ್ರತಿ ಸಾಲನ್ನೂ ವಿವರಿಸಲು ಆಗದಿದ್ದರೆ ಬಳಸಬೇಡಿ.

ದಿಕ್ಕು ಆರಿಸುವುದು ಹೇಗೆ?

ಹಂತ 1: ಸುತ್ತಲಿನ ಮೂರು ಸಮಸ್ಯೆ ಬರೆಯಿರಿ. ಮನೆಯ ಖರ್ಚು, ಅಂಗಡಿಯ ಉದ್ರಿ ಪುಸ್ತಕ, ಕಾಲೇಜಿನ ಹಾಜರಿ, ಏನಾದರೂ ಸರಿ. ಈಗ ಯಾರೋ ಕಾಗದದಲ್ಲಿ ಕಷ್ಟಪಟ್ಟು ಮಾಡುತ್ತಿರುವ ಕೆಲಸವಾಗಿದ್ದರೆ ಒಳ್ಳೆಯದು.

ಹಂತ 2: ಕೈಯಲ್ಲಿರುವ ಯಂತ್ರ ನೋಡಿ. ಇದನ್ನು ಯಾರೂ ಹೇಳುವುದಿಲ್ಲ. ವೆಬ್ ಕಲಿಯಲು ಬ್ರೌಸರ್ ಮತ್ತು ಒಂದು ಟೆಕ್ಸ್ಟ್ ಎಡಿಟರ್ ಸಾಕು, ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಆಂಡ್ರಾಯ್ಡ್ ಸ್ಟುಡಿಯೊ ಭಾರಿ ತಂತ್ರಾಂಶ, 8 ಜಿಬಿ ಮೆಮರಿ ಇದ್ದರೂ ತಿಣುಕುತ್ತದೆ. ಐಫೋನ್ ಆ್ಯಪ್ ಮಾಡುವ ಎಕ್ಸ್‌ಕೋಡ್ ಓಡುವುದು ಮ್ಯಾಕ್‌ನಲ್ಲಿ ಮಾತ್ರ. ಪೈಥಾನ್‌ನ ಆರಂಭಿಕ ಪಾಠಗಳನ್ನು ಬ್ರೌಸರ್‌ನಲ್ಲೇ ಮಾಡಬಹುದು. ಎಂಬೆಡೆಡ್‌ಗೆ ಆರ್ಡುಯಿನೊದಂಥ ಒಂದು ಬೋರ್ಡ್ ಕೊಳ್ಳಬೇಕಾಗುತ್ತದೆ.

ಹಂತ 3: ಎರಡು ದಿಕ್ಕುಗಳನ್ನು ಎರಡೆರಡು ವಾರ ರುಚಿ ನೋಡಿ. ವೀಡಿಯೊ ನೋಡುವುದಲ್ಲ, ಬರೆದು ನೋಡುವುದು. ಒಂದೇ ಸಮಸ್ಯೆಯನ್ನು ಎರಡೂ ಕಡೆಯಿಂದ ಮಾಡಿ. ಲೆಕ್ಕ ತುಂಬುವ ಪುಟ ಮಾಡುವಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲವೋ, ತಿಂಗಳ ಲೆಕ್ಕದಿಂದ ಉತ್ತರ ಹುಡುಕುವಾಗಲೋ? ಸಿಟ್ಟು ಎರಡರಲ್ಲೂ ಬರುತ್ತದೆ. ಯಾವ ಸಿಟ್ಟಿನ ನಂತರ ಮತ್ತೆ ಕೂತಿರಿ ಎಂಬುದು ಮುಖ್ಯ.

ಹಂತ 4: ಉದ್ಯೋಗ ಜಾಹೀರಾತುಗಳನ್ನು ನೀವೇ ಎಣಿಸಿ. ನೀವು ಹೋಗಿ ಇರಬಲ್ಲ ಊರನ್ನು ಆರಿಸಿ, ಅನುಭವ ಕೇಳದ 30 ಜಾಹೀರಾತು ಓದಿ. ಯಾವ ಕೌಶಲ ಎಷ್ಟು ಸಲ ಬಂತು ಎಂದು ಗೀಟು ಹಾಕುತ್ತಾ ಹೋಗಿ. ದೇಶದ ಬೇಡಿಕೆ, ಜಗತ್ತಿನ ಬೇಡಿಕೆ ಎಂಬ ಪಟ್ಟಿಗಳಿಗಿಂತ ಈ ಒಂದು ಹಾಳೆ ನಿಮಗೆ ಹೆಚ್ಚು ಸತ್ಯ ಹೇಳುತ್ತದೆ.

ಹಂತ 5: ಒಂದನ್ನು ಹಿಡಿದು ಮೂರು ತಿಂಗಳು ಬಿಡಬೇಡಿ. ಆ ಅವಧಿಯಲ್ಲಿ "ಇದು ಒಳ್ಳೆಯದೋ ಅದೋ" ಎಂಬ ಚರ್ಚೆ ಬೇಡ. ಎರಡು ವಾರಕ್ಕೊಂದು ಭಾಷೆ ಬದಲಿಸುವವರು ಎಲ್ಲ ಭಾಷೆಯ ಮೊದಲ ಅಧ್ಯಾಯವನ್ನಷ್ಟೇ ಕಲಿತಿರುತ್ತಾರೆ.

ಹಂತ 6: ಇನ್ನೊಬ್ಬರು ಬಳಸುವ ಒಂದು ಸಣ್ಣ ತಂತ್ರಾಂಶ ಪೂರ್ತಿ ಮಾಡಿ. ಅರ್ಧಕ್ಕೆ ನಿಂತ ಹತ್ತರ ಬದಲು ಮುಗಿದ ಒಂದು ಮೇಲು. ಬಳಸುವವರು "ಇದು ಹೀಗಲ್ಲ" ಎಂದಾಗ ತಿದ್ದುವುದರಲ್ಲೇ ನಿಜವಾದ ಕಲಿಕೆ ಇದೆ.

ಯಾವ ದಿಕ್ಕಾದರೂ ವ್ಯರ್ಥವಾಗದ ನಾಲ್ಕು ವಿಷಯಗಳಿವೆ: ಎಸ್‌ಕ್ಯೂಎಲ್, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಲಿನಕ್ಸ್‌ನ ಆರಂಭಿಕ ಆಜ್ಞೆಗಳು, ಮತ್ತು ದೋಷದ ಸಂದೇಶ ಓದುವ ಅಭ್ಯಾಸ. ಇನ್ನೂ ನಿರ್ಧಾರವಾಗಿಲ್ಲ ಎನ್ನುವವರು ಕಾಯುತ್ತಾ ಕೂರದೆ ಇವುಗಳಿಂದಲೇ ಶುರು ಮಾಡಬಹುದು. ಕ್ಯಾಂಪಸ್ ಆಯ್ಕೆಯ ಚಿಂತೆ ಇದ್ದರೆ ಇದನ್ನೂ ತಿಳಿದಿರಿ: ಹಲವು ಕಂಪನಿಗಳ ಕೋಡಿಂಗ್ ಪರೀಕ್ಷೆಯಲ್ಲಿ ಸಿ, ಸಿ++, ಜಾವಾ, ಪೈಥಾನ್‌ಗಳಲ್ಲಿ ನಿಮಗೆ ಬರುವುದರಲ್ಲಿ ಉತ್ತರಿಸಲು ಅವಕಾಶವಿರುತ್ತದೆ.

ಫೀಸು ಕಟ್ಟುವ ಮೊದಲು

ಕೋರ್ಸುಗಳೆಲ್ಲ ಮೋಸ ಎಂದಲ್ಲ. ಹೊತ್ತಿಗೆ ಸರಿಯಾಗಿ ಕೂರಿಸುವ, ತಪ್ಪು ತಿದ್ದುವ ಒಬ್ಬ ಗುರು ಇದ್ದರೆ ಬಹಳ ಜನಕ್ಕೆ ಅನುಕೂಲ. ಆದರೆ ಉಚಿತವಾಗಿ ಸಿಗುವುದನ್ನು ಮೊದಲು ನೋಡಿ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ವೆಬ್‌ಗೆ ಫ್ರೀಕೋಡ್‌ಕ್ಯಾಂಪ್ ಮತ್ತು ಮೊಜಿಲ್ಲಾದ ಎಂಡಿಎನ್ ಕೈಪಿಡಿ, ಬುನಾದಿಗೆ ಹಾರ್ವರ್ಡ್‌ನ ಸಿಎಸ್50 ಉಚಿತವಾಗಿ ಸಿಗುತ್ತವೆ. ಇವುಗಳಲ್ಲಿ ಒಂದರಲ್ಲಿ ಒಂದು ತಿಂಗಳು ಕೂತ ಮೇಲೂ ಗುರು ಬೇಕು ಅನ್ನಿಸಿದರೆ ಆಗ ಫೀಸಿನ ಮಾತು.

ಆಗ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ: ಪಾಠ ಮಾಡುವವರು ಯಾರು, ಅವರ ಒಂದು ತರಗತಿಯಲ್ಲಿ ಕೂತು ನೋಡಬಹುದೇ? ಮಧ್ಯೆ ಬಿಟ್ಟರೆ ಎಷ್ಟು ಹಣ ವಾಪಸ್? "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಎಂದರೆ ಕೆಲಸವೋ, ಸಂದರ್ಶನಕ್ಕೆ ಕಳುಹಿಸುವುದಷ್ಟೇಯೋ? ಕಂತಿನಲ್ಲಿ ಕಟ್ಟಿ ಎಂದರೆ ಅದು ನಿಮ್ಮ ಹೆಸರಿನ ಸಾಲವೇ? ಸಾಲವಾದರೆ ಕೋರ್ಸ್ ಬಿಟ್ಟರೂ ಕಂತು ನಿಲ್ಲುವುದಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಕ್ಷೇತ್ರದ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಕೆಲಸ ಖಚಿತ ಎಂಬ ಸುಳ್ಳು ಭರವಸೆ, ಸೀಟು ಮುಗಿಯುತ್ತಿದೆ ಎಂಬ ಸುಳ್ಳು ಅವಸರ ಎರಡನ್ನೂ ಅದು ತಡೆಯುತ್ತದೆ. ಮೋಸವಾಗಿದೆ ಎನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೆ ಮೊದಲು ನಾವೇ ಮಾಡಬಹುದಾದದ್ದೂ ಇದೆ: ಶನಿವಾರದೊಳಗೆ ನಿರ್ಧರಿಸಿ ಎಂದವರಿಗೆ ಸೋಮವಾರ ಹೇಳುತ್ತೇನೆ ಎನ್ನುವುದು. ಒಳ್ಳೆಯ ಪಾಠ ಎರಡು ದಿನದಲ್ಲಿ ಹಳಸುವುದಿಲ್ಲ.

ಕೊನೆಯದಾಗಿ

ಆ ಶನಿವಾರ ಕಳೆಯಿತು, ಬಳೆ ಬೀರುವಿನಲ್ಲೇ ಉಳಿಯಿತು. ತಮ್ಮ ಅಮ್ಮನ ಹಾಲಿನ ಪುಸ್ತಕದ ಒಂದು ವರ್ಷದ ಲೆಕ್ಕ ತುಂಬಲು ಒಂದು ಪುಟ ಮಾಡಿದ. ಪುಟದ ಅಂದ ಚಂದ ಅವನಿಗೆ ಬೇಗ ಬೇಸರವಾಯಿತು. ಆದರೆ ಮಾರ್ಚಿನಲ್ಲಿ ಎರಡು ದಿನದ ಲೆಕ್ಕ ಏಕೆ ಹೊಂದುತ್ತಿಲ್ಲ ಎಂದು ಹುಡುಕುತ್ತಾ ರಾತ್ರಿ ಹನ್ನೊಂದರವರೆಗೆ ಕೂತಿದ್ದನಂತೆ. ತಪ್ಪು ಅವನ ಕೋಡ್‌ನದ್ದಾಗಿತ್ತು, ಡೇರಿಯದ್ದಲ್ಲ. ಅಲ್ಲಿಂದ ಅವನು ಬ್ಯಾಕ್‌ಎಂಡ್ ಕಡೆ ಹೋದ. ಕೆಲಸ ಇನ್ನೂ ಸಿಕ್ಕಿಲ್ಲ, ಎರಡು ಸಂದರ್ಶನಗಳಾಗಿವೆ. ಎರಡರಲ್ಲೂ ಹೆಚ್ಚು ಹೊತ್ತು ಕೇಳಿದ್ದು ಆ ಹಾಲಿನ ಲೆಕ್ಕದ ಬಗ್ಗೆಯೇ ಎಂದು ಹೇಳಿದ.

ಸರಿಯಾದ ದಿಕ್ಕು ಆರಿಸಿದರೆ ಕೆಲಸ ಖಚಿತ ಎಂದು ಯಾರೂ ಹೇಳಲಾರರು, ಹೇಳಿದರೆ ನಂಬಬೇಡಿ. ಆದರೆ ದಿನಾ ಮಾಡಬೇಕಾದ ಕೆಲಸ ಏನು ಎಂದು ತಿಳಿದು ಹೊರಟವರು ಮಧ್ಯದಲ್ಲಿ ಕಷ್ಟ ಬಂದಾಗ ಅದು ಕಲಿಕೆಯ ಕಷ್ಟವೋ, ದಾರಿ ತಪ್ಪಿದ ಕಷ್ಟವೋ ಎಂದು ಗುರುತಿಸಬಲ್ಲರು. ಮೊದಲನೆಯದಾದರೆ ಇನ್ನೊಂದು ವಾರ ಕೂರಿ. ಎರಡನೆಯದಾದರೆ ಕಲಿತದ್ದನ್ನು ಜೊತೆಗಿಟ್ಟುಕೊಂಡು ಪಕ್ಕದ ದಾರಿಗೆ ತಿರುಗಿ.